ಬಾಳೆಹಣ್ಣಿನ ವಾಸನೆ ಹಿಡಿದ ರೋಶನ್ ಬೀ

ಬೆಳಗಿನ ಆರು ಗಂಟೆ. ರಾಮನಗರದ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರ್ ಬಾಗಿಲಲ್ಲಿ ರೋಶನ್ ಬೀ ಎರಡೂ ಕೈ ಚಾಚಿ ನಿಂತಿದ್ದಾರೆ. ಎದುರಿಗೆ ಸಾತನೂರಿನ ಪ್ರತಿಮಾ. ಅವರ ತೋಳಿನಲ್ಲಿ ಮೂರು ವರ್ಷದ ನವ್ಯಶ್ರೀ. ನಿನ್ನೆ ಸಂಜೆ ನುಂಗಿದ ಎರಡು ರೂಪಾಯಿ ನಾಣ್ಯ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡಿದೆ. ತಾಯಿಯ ಹಿಡಿತ ಸಡಿಲವಾಗುತ್ತಿಲ್ಲ.

“ಕೊಡವ್ವ. ನಾನೇ ಎತ್ಕೊಂಡೋಗಿ, ನಾನೇ ವಾಪಸ್ ತಂದ್ಕೊಡ್ತೀನಿ.”

ಐವತ್ತೆರಡರ ರೋಶನ್ ಬೀ ಇಲ್ಲಿನ ಆಯಾ. ರೇಷ್ಮೆ ನೂಲು ಬಿಚ್ಚುವ ಕೆಲಸದಲ್ಲಿ ಕುದಿನೀರಿಗೆ ಬೆರಳು ಬೆಂದು ಸಾಕಾಗಿ, ಹತ್ತೊಂಬತ್ತು ವರ್ಷದ ಹಿಂದೆ ಇಲ್ಲಿಗೆ ಬಂದವರು. ನೆಲ ಒರೆಸುವುದು, ಬಟ್ಟೆ ಜೋಡಿಸುವುದು ಅವರ ಕೆಲಸ. ಮಕ್ಕಳನ್ನು ಒಳಗೊಯ್ಯುವುದು ಮಾತ್ರ ಯಾರೂ ಹೇಳದೆ ತಾನಾಗಿ ಅವರ ಪಾಲಿಗೆ ಬಂದದ್ದು. ನಾಣ್ಯ, ಗುಂಡಿ, ಓಲೆಯ ತಿರುಪು ನುಂಗಿದವರೇ ತಿಂಗಳಿಗೆ ಮೂರೋ ನಾಲ್ಕೋ ಮಕ್ಕಳು ಬರುತ್ತಾರೆ.

ನವ್ಯಶ್ರೀ ಹೆಗಲಿಗೆ ಒರಗುತ್ತಿದ್ದಂತೆ ರೋಶನ್ ಬೀ ಥಟ್ಟನೆ ನಿಲ್ಲುತ್ತಾರೆ. ಮಗುವಿನ ಬಾಯಿಂದ ಬಾಳೆಹಣ್ಣಿನ ವಾಸನೆ! ಏನೂ ತಿನ್ನಿಸಬೇಡಿ ಎಂದು ಆಸ್ಪತ್ರೆಯವರು ರಾತ್ರಿಯೇ ಹೇಳಿದ್ದರು. ತಿಂದ ಮಗುವಿಗೆ ಅರಿವಳಿಕೆ ಕೊಟ್ಟಾಗ ವಾಂತಿಯಾಗಿ ಶ್ವಾಸಕೋಶಕ್ಕಿಳಿದರೆ ಜೀವಕ್ಕೇ ಕುತ್ತು. ರೋಶನ್ ಬೀ ತಿರುಗಿ ನೋಡಿದ್ದು ಮೂಲೆಯಲ್ಲಿದ್ದ ಅಜ್ಜಿ ಕೆಂಚಮ್ಮನವರನ್ನು.

“ಏನಾರ ತಿನ್ಸಿದ್ರಾ ಅಮ್ಮ? ಯಾರೂ ಬೈಯಲ್ಲ, ಹೇಳಿ.”

ಕೆಂಚಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. “ಐದು ಗಂಟೇಲಿ ಒಸಿ ಬಾಳೆಹಣ್ಣು ಕಿವುಚಿ ಕೊಟ್ಬುಟ್ಟೆ ಕಣವ್ವ, ಕಾಸು ಕೆಳಿಕ್ಕೆ ಜಾರ್ಲಿ ಅಂತ. ನಾನೇ ಕೂಸ್ನ ಕೊಂದ್ಬುಡ್ತಿದ್ನಲ್ಲಾ!”

ಪ್ರತಿಮಾ ಅತ್ತೆಯ ಕಡೆ ಸಿಡಿದೇಳುತ್ತಾರೆ. ರೋಶನ್ ಬೀ ನಡುವೆ ಬರುತ್ತಾರೆ. “ಏನೂ ಅನ್ಬೇಡ ಕಣವ್ವ. ಕರುಳು ಕೇಳ್ಬೇಕಲ್ಲ.”

ರೋಶನ್ ಬೀಯಿಂದ ವಿಷಯ ತಿಳಿದ ಅರಿವಳಿಕೆ ವೈದ್ಯ ಡಾ. ಅನಂತರಾಜು ಶಸ್ತ್ರಚಿಕಿತ್ಸೆ ಮುಂದೂಡುತ್ತಾರೆ. ಮಗು ಸಲೀಸಾಗಿ ಉಸಿರಾಡುತ್ತಿರುವುದರಿಂದ ಕಾಯಬಹುದು. ಹನ್ನೊಂದೂವರೆಗೆ ಬಾಯಿಂದ ಕೊಳವೆ ಇಳಿಸಿ, ಸಣ್ಣ ಇಕ್ಕಳದಲ್ಲಿ ನಾಣ್ಯವನ್ನು ಹಿಡಿದೆಳೆಯಲು ಹತ್ತು ನಿಮಿಷ ಸಾಕಾಗುತ್ತದೆ.

“ಆಯಮ್ಮ ಹೇಳ್ದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ,” ಎನ್ನುತ್ತಾರೆ ವೈದ್ಯರು.

ಆ ಮಾತು ಕೇಳಿ ರೋಶನ್ ಬೀ ನಾಚಿಕೊಳ್ಳುತ್ತಾರೆ. ನಿಮಗೇನಾದರೂ ಬೇಕೇ ಎಂದು ವೈದ್ಯರು ಕೇಳಿದರೆ ಥಿಯೇಟರ್ ಬಾಗಿಲ ಕಡೆ ಕೈ ತೋರಿಸುತ್ತಾರೆ.

“ಒಳ್ಗಡೆ, ಮಕ್ಳು ಎಚ್ರ ಆಗೋ ಮಂಚದ ಪಕ್ಕ ಒಂದು ಸ್ಟೂಲ್ ಹಾಕಿಸ್ಕೊಡ್ಲಿ, ತಾಯಿ ಕೂತ್ಕಳಕ್ಕೆ. ಕಣ್ಬುಟ್ಟಾಗ ಮಗೀಗೆ ನನ್ ಮೊಖ ಯಾಕೆ ಕಾಣ್ಬೇಕು? ಅವರವ್ವ ಕಾಣ್ಲಿ.”