ಕುದುರೆಯಂತೆ ಹಾರುವ ರಾಜ

ಶಿರಾದ ಕಡಲೆಕಾಯಿ ಮಂಡಿಗೆ ಹರಿದ ಗೋಣಿಚೀಲ ಹೊಲಿದುಕೊಡುವ ಮತೀನ್ ಸಾಬರಿಗೆ ಚದುರಂಗದಲ್ಲಿ ಬರುತ್ತಿದ್ದುದು ಒಂದೇ ಆರಂಭ. ರಾಜನ ಮುಂದಿನ ಸಿಪಾಯಿಯನ್ನೂ ಬಲಗಡೆ ಕುದುರೆಯ ಮುಂದಿನ ಸಿಪಾಯಿಯನ್ನೂ ಒಂದೊಂದು ಮನೆ ನಡೆಸುವುದು. ಆಮೇಲೆ, ಕುದುರೆಯ ಮುಂದೆ ಖಾಲಿಯಾದ ಮನೆಗೆ ರಾಜನನ್ನು ಕುದುರೆಯಂತೆಯೇ ಹಾರಿಸುವುದು. ಊರಿನ ಹಳೇ ಆಟದಲ್ಲಿ, ಚೆಕ್ ಬೀಳುವ ಮುನ್ನ, ರಾಜ ಹೀಗೆ ಒಂದು ಸಲ ಹಾರಬಹುದು.

ಮಂಡಿಯ ಪಕ್ಕದ ಅವರ ಹೊಲಿಗೆ ಅಂಗಡಿಯಲ್ಲಿ ಆಟಕ್ಕೆ ಎದುರಿಗೆ ಕೂರುತ್ತಿದ್ದವರು ಮಂಡಿಯಲ್ಲಿ ತೂಕ ಹಾಕುತ್ತಿದ್ದ ನಂದೀಶ್ವರಯ್ಯ. ರಾಜ ಹಾರಿದಾಗಲೆಲ್ಲ, "ಓಡ್ಬುಟ್ಟ ಕಣ್ಲಾ ಮತೀನಾ, ನಿನ್ ರಾಜ! ಇವ್ನು ಹೆಂಗ್ಲಾ ಊರು ಆಳ್ತಾನೆ?" ಎನ್ನುವರು. ಅವರು ತೀರಿಕೊಂಡ ಮೇಲೆ ಅವರ ಜಾಗದಲ್ಲಿ ಚೀಲಗಳ ರಾಶಿ ಬೆಳೆದಿತ್ತು.

ಮಧುಗಿರಿಯ ಚೆಸ್ ಟೂರ್ನಿಗೆ ಸಾಬರು ಹೆಸರು ಕೊಟ್ಟದ್ದು ಜೊತೆಗೆ ಆಡುವವರು ಒಬ್ಬರಾದರೂ ಸಿಕ್ಕಾರೆಂಬ ಆಸೆಗೆ. ಅಲ್ಲಿನ ನಿಯಮ ಬೇರೆಯೆಂದು ತಿಳಿದು, ರಾಜನನ್ನು ಆನೆಯ ಕಡೆಗೆ ಸರಿಸಿ ಕೋಟೆ ಕಟ್ಟುವುದನ್ನೂ ಕಲಿತು ಹೋಗಿದ್ದರು.

ಮೊದಲ ಸುತ್ತಿನಲ್ಲಿ ಎದುರಾದವನು ಪಾವಗಡದ ಕಡೆಯ ಬಲಸಮುದ್ರದ ರುದ್ರಮುನಿ, ಸೋಲಾರ್ ಪಾರ್ಕಿನ ನೌಕರ. ಬಿಳಿಕಾಯಿ ಸಾಬರದು. ಎರಡು ಸಿಪಾಯಿಗಳು ನಡೆದವು. ಮೂರನೆಯ ನಡೆಗೆ ಕೈ ತಾನಾಗಿಯೇ ರಾಜನನ್ನು ಎತ್ತಿ ಹಾರಿಸಿತು. ಗಡಿಯಾರ ಒತ್ತಿ, ಬೈಸಿಕೊಳ್ಳಲು ಕಾದವರಂತೆ ಸಾಬರು ಮುಖವೆತ್ತಿದರು.

"ಏನ್ ಸಾಮೀ ಇದು? ರಾಜಂಗೂ ಕುದ್ರೆ ಹತ್ತಿಸ್ಬುಟ್ರಾ?" ಎಂದು ನಗುತ್ತ ರುದ್ರಮುನಿ ತೀರ್ಪುಗಾರರನ್ನು ಕರೆದ.

ತೀರ್ಪುಗಾರ ಅಂಜನ್ ಕುಮಾರ್ ಬಂದು ನೋಡಿದರು. "ತಪ್ಪು ನಡೆ ಸಾರ್. ವಾಪಸ್ ಇಡಿ. ಮುಟ್ಟಿದ್ದೀರಲ್ಲ, ಇನ್ನು ರಾಜನ್ನೇ ನಡೆಸ್ಬೇಕು."

ರಾಜ ಒಂದು ಮನೆ ಮುಂದೆ ಬಂದು ತನ್ನ ಮಂತ್ರಿಯ ದಾರಿಗೇ ಅಡ್ಡ ನಿಂತ. ಆಟ ಬೇಗ ಮುಗಿಯಿತು.

ಕೈಕುಲುಕುವಾಗ ರುದ್ರಮುನಿ, "ನಮ್ ತಾತನೂ ಇಂಗೇ ಹಾರಿಸ್ತಿದ್ದ," ಎಂದ.

ಸಾಬರು ಅವನ ಕೈ ಬಿಡಲಿಲ್ಲ. "ನಿಮಗೆ ಬರ್ತದಾ?"

"ನೋಡಿದ್ದೆ ಅಷ್ಟೆ. ಆಡಿಲ್ಲ."

"ಶಿರಾಕ್ ಬಂದ್ರೆ ಮಂಡಿ ತಾವ ಬನ್ನಿ. ಹೇಳ್ಕೊಡ್ತೀನಿ."

"ನೋಡಾನ ಸಾಮೀ," ಎನ್ನುತ್ತ ಅವನು ಮುಂದಿನ ಸುತ್ತಿಗೆ ಹೊರಟ.

ಆ ಸುತ್ತಿನಲ್ಲಿ ಸಾಬರು ನೆನಪಿಟ್ಟುಕೊಂಡು ಕೋಟೆ ಕಟ್ಟಿದರು, ಗೆದ್ದರು. ಸೋತವನು ಫಲಿತಾಂಶದ ಚೀಟಿಗೆ ಸಹಿ ಹಾಕಿ ಎದ್ದುಹೋದ. ಸಾಬರು ಒಬ್ಬರೇ ಕಾಯಿಗಳನ್ನು ಮತ್ತೆ ಜೋಡಿಸಿಟ್ಟರು.

ಸಂಜೆ ಅಂಗಡಿಗೆ ಬಂದು, ನಂದೀಶ್ವರಯ್ಯನವರ ಜಾಗದಲ್ಲಿದ್ದ ಚೀಲಗಳನ್ನು ಎತ್ತಿ ಗೋಡೆಯ ಬದಿಗೆ ಪೇರಿಸಿದರು. ನೋಡೋಣ ಎಂದವರು ಬರುವುದು ಕಡಿಮೆ ಎಂದು ಅವರಿಗೆ ಗೊತ್ತಿತ್ತು. ಆದರೂ ಒಬ್ಬರು ಚಕ್ಕಳಮಕ್ಕಳ ಹಾಕಿ ಕೂರುವಷ್ಟು ನೆಲ ಬಿಡಿಸಿ, ಗುಡಿಸಿದರು.