ಗುಡ್ಡ ಓಗೊಟ್ಟ ಕಡೆಗೆ

ಆ ಊರಿನಲ್ಲಿ ಕೂಗುವುದೂ ಒಂದು ಕೆಲಸವಾಗಿತ್ತು. ನಗಬೇಡಿ, ಅಲ್ಲಿನ ನೆಲ ಹಾಗಿತ್ತು. ದಿಬ್ಬದ ಮೇಲೆ ಮನೆಗಳು, ಮನೆಗಳ ಮುಂದೆ ಕಣ್ಣು ಹಾಯುವಷ್ಟು ದೂರ ಜೌಗು, ಜೌಗಿನ ತುಂಬ ಆಳೆತ್ತರದ ಜೊಂಡು, ಪಕ್ಕದಲ್ಲಿ ಒಂದೇ ಒಂದು ಬೋಳು ಕಲ್ಲುಗುಡ್ಡ. ಊರಿನವರೆಲ್ಲ ಜೊಂಡು ಕೊಯ್ದು, ಒಣಗಿಸಿ, ಚಾಪೆ ಹೆಣೆದು ಬದುಕುವವರು. ಜೌಗಿಗೆ ಇಳಿಯುವುದಕ್ಕೂ ಹತ್ತುವುದಕ್ಕೂ ಗಟ್ಟಿನೆಲ ಇದ್ದದ್ದು ಗುಡ್ಡದ ಬುಡದಲ್ಲಿ ಮಾತ್ರ. ಉಳಿದ ಕಡೆಯೆಲ್ಲ ಸೊಂಟದವರೆಗೆ ಎಳೆದುಕೊಳ್ಳುವ ಕೆಸರು. ಚಳಿಗಾಲದ ಸಂಜೆ ಜೌಗಿನಿಂದ ಮಂಜು ಎದ್ದರಂತೂ ನಮ್ಮ ಕೈ ನಮಗೇ ಕಾಣುತ್ತಿರಲಿಲ್ಲ.

ಆಗ ಒಬ್ಬರು ಊರಂಚಿನ ಹಾಸುಬಂಡೆ ಹತ್ತಿ, ಗುಡ್ಡಕ್ಕೆ ಮುಖ ಮಾಡಿ ಕೂಗಬೇಕು. ಕೂಗು ಗುಡ್ಡಕ್ಕೆ ಬಡಿದು ಜೌಗಿನ ಮೇಲೆಲ್ಲ ಹರಡುತ್ತಿತ್ತು. ಜೊಂಡಿನೊಳಗೆ ದಿಕ್ಕು ತಪ್ಪಿದವರಿಗೆ ಊರಿನ ಕೂಗು ಕೇಳುತ್ತಿರಲಿಲ್ಲ, ಗುಡ್ಡ ಓಗೊಟ್ಟದ್ದು ಕೇಳುತ್ತಿತ್ತು. ಅದು ಬಂದ ಕಡೆಗೆ ಮುಖ ಹಿಡಿದು ನಡೆದರೆ ಕಾಲಿಗೆ ಗಟ್ಟಿನೆಲ ಸಿಗುತ್ತಿತ್ತು. ಮಕ್ಕಳಿಗೆ ನಡೆಯಲು ಕಲಿಸುವಾಗಲೇ ಊರಿನವರು ಇದನ್ನೂ ಕಲಿಸಿಬಿಡುತ್ತಿದ್ದರು. ಆಮೇಲೆ ಅದು ತಲೆಯಲ್ಲಿ ಉಳಿಯುತ್ತಿರಲಿಲ್ಲ, ಕಾಲಿಗೆ ಇಳಿದುಬಿಡುತ್ತಿತ್ತು.

ಊರು ಕೂಗಮ್ಮ ಎಂದೇ ಕರೆಯುತ್ತಿದ್ದವಳಿಗೆ ಈ ಕೆಲಸ ಬಂದದ್ದು ಅತ್ತೆಯಿಂದ. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಮಾತಾಡಿದರೆ ಪಕ್ಕದಲ್ಲಿ ಕೂತವರಿಗೂ ಕೇಳುತ್ತಿರಲಿಲ್ಲವಂತೆ. ಅತ್ತೆ ಅವಳನ್ನು ಬಂಡೆ ಹತ್ತಿಸಿ ಬೆನ್ನಿಗೊಂದು ಗುದ್ದು ಕೊಟ್ಟಳು.

"ಹೊಟ್ಟೆಯಿಂದ ಕೂಗೇ. ಗಂಟಲನ್ನ ಗಂಡನ ಜೊತೆ ಜಗಳ ಆಡೋಕೆ ಇಟ್ಕೋ."

ಅವಳು ಹಾಗೆ ಮೊದಲ ಸಲ ಕೂಗಿ ಮನೆಗೆ ಕರೆದದ್ದು ಮೈದುನನನ್ನು. ಆಗಿನ್ನೂ ಮೊಣಕಾಲುದ್ದದ ಹುಡುಗ, ಬಾತುಕೋಳಿಯ ಹಿಂದೆ ಜೊಂಡಿನೊಳಗೆ ಹೋಗಿದ್ದ. ಅತ್ತೆ ತೀರಿಕೊಂಡ ಮೇಲೆ ಅವನಿಗೆ ಉಣಿಸಿದವಳು, ಬೈದವಳು, ಜ್ವರ ಬಂದರೆ ನಿದ್ದೆಗೆಟ್ಟವಳು ಇವಳೇ. ಇವಳಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಊರು ಸಾಕಷ್ಟು ಮಾತಾಡಿತು, ಅವಳು ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಮೈದುನ ಎದೆಯುದ್ದ ಬೆಳೆದು ಜೊಂಡು ಕೊಯ್ಯುವ ಗಂಡಸಾದ ಮೇಲೂ ಮಂಜಿನ ಸಂಜೆ ಅವನ "ಓ" ಕೇಳುವವರೆಗೆ ಅವಳು ಬಂಡೆಯಿಂದ ಇಳಿಯುತ್ತಿರಲಿಲ್ಲ.

"ಅತ್ತಿಗೆ, ನೀವು ಕೂಗಿದ್ರೆ ಸತ್ತೋರೂ ಎದ್ದು ಬರ್ತಾರೆ. ನಾನು ಬದುಕಿರೋನು, ಬರದೇ ಇರ್ತೀನಾ?" ಎಂದು ಅವನು ರೇಗಿಸುತ್ತಿದ್ದ.

"ಬಾಯಿ ಮುಚ್ಕೊಂಡು ಕಾಲು ತೊಳ್ಕೊ," ಎನ್ನುತ್ತಿದ್ದಳು ಇವಳು.

ಹೀಗಿರುವಾಗ ಗುಡ್ಡಕ್ಕೆ ಕ್ವಾರಿ ಬಂತು. ಮೊದಲು ಗುಡ್ಡದ ಬೆನ್ನು ಕೊರೆದರು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಚಾಪೆಗೆ ಗಿರಾಕಿ ಕಡಿಮೆಯಾಗಿದ್ದ ಕಾಲ, ಅರ್ಧ ಊರು ಅಲ್ಲೇ ಕೆಲಸಕ್ಕೆ ಸೇರಿತು. ಕೂಗಮ್ಮನ ಗಂಡನೂ ಕಲ್ಲಿಗೆ ತೂತು ಕೊರೆಯುವ ಯಂತ್ರ ಹಿಡಿದ. ಸಂಜೆ ಹುಬ್ಬು ಮೀಸೆಯೆಲ್ಲ ಬೆಳ್ಳಗೆ ಮಾಡಿಕೊಂಡು ಬಂದು, ಕೈ ನಡುಗಿ ಲೋಟ ಚೆಲ್ಲುತ್ತ, ಮೂಲೆಯಲ್ಲಿ ಕೂರುತ್ತಿದ್ದ. ಆಮೇಲೆ ಕ್ವಾರಿ ಸುತ್ತಿಕೊಂಡು ಗುಡ್ಡದ ಮುಂಭಾಗಕ್ಕೇ ಬಂತು. ಬುಡದ ಹಳೆಯ ದಾರಿಯನ್ನು ಅಗೆದು ತೆಗೆದರು, ಸ್ವಲ್ಪ ಎಡಕ್ಕೆ ಮಣ್ಣು ಸುರಿದು ಹೊಸ ದಾರಿ ಮಾಡಿಕೊಟ್ಟರು. ಹಳೆಯ ದಾರಿ ಇದ್ದಲ್ಲಿ ಈಗ ಗುಂಡಿ. ಗುಂಡಿಯ ತುಂಬ ಹಸಿರು ನೀರು. ಬೇಲಿ ಹಾಕಿಸುತ್ತೇವೆ ಎಂದರು. ಆ ಬೇಲಿಯನ್ನು ಇವತ್ತಿನವರೆಗೆ ಕಂಡವರಿಲ್ಲ.

ವ್ಯತ್ಯಾಸ ಮೊದಲು ತಿಳಿದದ್ದು ಕೂಗಮ್ಮನಿಗೆ. ತಿಳಿಯದೆ ಏನು, ದಿನಾ ಆ ಗುಡ್ಡದ ಜೊತೆ ಮಾತಾಡುವವಳು ಅವಳೊಬ್ಬಳೇ. ಮೊದಲೆಲ್ಲ ಕೂಗು ಮೇಲಿನಿಂದ ನಿಧಾನವಾಗಿ, ಅಗಲವಾಗಿ ಬರುತ್ತಿತ್ತು. ಈಗ ಥಟ್ಟನೆ, ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಬರುತ್ತಿತ್ತು.

"ಗುಡ್ಡ ಈಗ ಗುಂಡಿ ಒಳಗಿಂದ ಓಗೊಡ್ತಿದೆ ರೀ. ಮಂಜಲ್ಲಿ ಯಾರಾದ್ರೂ ಅದನ್ನೇ ನಂಬ್ಕೊಂಡು ಬಂದ್ರೆ?" ಎಂದು ಗಂಡನಿಗೆ ಹೇಳಿದಳು.

"ಗುಂಡಿ ಇರೋದು ಊರಿಗೆಲ್ಲ ಗೊತ್ತು. ಕಣ್ಣಿಲ್ವಾ ಅವರಿಗೆ?" ಎಂದ ಗಂಡ.

ಊರಿನ ಹಿರಿಯರ ಬಳಿಯೂ ಹೋದಳು. ಅವರು ಮೂಗು ಮುರಿದರು. ಇವಳಿಗೆ ಗಂಟಲು ಸೋತಿದೆ, ನೆಪ ಹುಡುಕುತ್ತಿದ್ದಾಳೆ ಎಂದರು. ಗುಂಡಿ ಎಲ್ಲರಿಗೂ ಗೊತ್ತಿತ್ತು, ಸುಳ್ಳಲ್ಲ. ಹಗಲು ಹೊತ್ತಿನಲ್ಲಿ ಗೊತ್ತಿತ್ತು.

ಆ ವರ್ಷ ಮಂಜು ಬೇಗ ಬಿತ್ತು. ಒಂದು ಸಂಜೆ ಜೊಂಡಿಗೆ ಹೋದವರೆಲ್ಲ ಹೇಗೋ ತಡಕಾಡಿಕೊಂಡು ಬಂದರು, ಮೈದುನ ಬರಲಿಲ್ಲ. ಕೂಗಮ್ಮ ಬಂಡೆ ಹತ್ತಿದಳು, ಬಾಯಿ ತೆರೆಯಲಿಲ್ಲ. ಕೆಳಗೆ ಜನ ಸೇರಿದರು.

"ಯಾಕೆ ಸುಮ್ನೆ ನಿಂತೆ? ಕೂಗು," ಎಂದ ಗಂಡ.

"ಯಾರಾದ್ರೂ ಒಬ್ರು ಗುಂಡಿ ಹತ್ರ ಹೋಗಿ ನಿಲ್ಲಿ. ಆಮೇಲೆ ಕೂಗ್ತೀನಿ."

 ಈ ಮಂಜಲ್ಲಿ ಕಂದೀಲು ಹಿಡಿದರೂ ಮಾರು ದೂರ ಕಾಣಲ್ಲ ಎಂದ ಒಬ್ಬ. ಹೋದವನೇ ಬಿದ್ದರೆ ಯಾರು ಹೊಣೆ ಎಂದ ಇನ್ನೊಬ್ಬ.

"ನಾನೇ ಹೋಗ್ತೀನಿ," ಎಂದು ಅವಳು ಇಳಿಯಹೊರಟಳು. ಗಂಡ ತಡೆದ.

"ನೀನು ಹೋದ್ರೆ ಕೂಗೋರ್ಯಾರು? ಅವನೇನು ಎಳೆಮಗೂನಾ ಗುಂಡಿಗೆ ಬೀಳೋಕೆ? ಹೊತ್ತು ಹೋದ್ರೆ ಕೆಸರು ಎಳ್ಕೊಂಡುಬಿಡತ್ತೆ. ನಿನಗೆ ಕೈ ಮುಗೀತೀನಿ, ಕೂಗು."

 ಅಷ್ಟು ವರ್ಷದ ಸಂಸಾರದಲ್ಲಿ ಅವನು ಅವಳಿಗೆ ಕೈ ಮುಗಿದದ್ದು ಅದೊಂದೇ ಸಲ. ಅವಳು ಕೂಗಿದಳು.

ದೂರದಲ್ಲಿ "ಓ" ಎಂದಿತು. ಅವಳು ಮತ್ತೆ ಕೂಗಿದಳು. "ಓ ಅತ್ತಿಗೇ" ಎಂದು ಇನ್ನಷ್ಟು ಹತ್ತಿರದಲ್ಲಿ ಕೇಳಿತು. ಕೆಳಗೆ ನಿಂತವರು ನಕ್ಕರು, ಬಂದ ನೋಡಪ್ಪ ಎಂದು ಚಳಿಗೆ ಮೈ ಮುದುರಿಕೊಂಡು ಮನೆಗಳತ್ತ ಹೊರಟರು. ಅವಳು ಮೂರನೆಯ ಸಲ ಕೂಗಿದಳು. ಗುಡ್ಡ ಓಗೊಟ್ಟಿತು. ಅವನು ಓ ಎನ್ನಲಿಲ್ಲ.

ಮಾರನೆಯ ಬೆಳಗ್ಗೆ ಗುಂಡಿಯ ಅಂಚಿನಲ್ಲಿ ಜೊಂಡಿನ ಹೊರೆ ಸಿಕ್ಕಿತು, ಮಧ್ಯಾಹ್ನ ಅವನೂ ಸಿಕ್ಕಿದ. ಯಾರೂ ಅವಳನ್ನು ದೂರಲಿಲ್ಲ. ನೀನೇನು ಮಾಡೋಕಾಗ್ತಿತ್ತು, ಅವನ ಹಣೆಬರಹ ಎಂದರು. ದೂರಿದ್ದರೇ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಮಣ್ಣು ಹಾಕುವಾಗ ಹೆಂಗಸರು ಬಾಯಿ ಬಡಿದುಕೊಂಡು ಅತ್ತರು. ಊರಿಗೆಲ್ಲ ದೊಡ್ಡ ಗಂಟಲಿನವಳ ಬಾಯಿಂದ ಒಂದು ಸದ್ದೂ ಹೊರಡಲಿಲ್ಲ. ಗಂಡ ಕೆಲವು ದಿನ ಮಲಗಿದ್ದು ಮತ್ತೆ ಯಂತ್ರ ಹಿಡಿಯಲು ಹೋದ. ಹೊಟ್ಟೆ ಕೇಳಬೇಕಲ್ಲ. ತಾನು ಕೊರೆದ ಬಂಡೆ ಯಾವುದು, ತಮ್ಮನ ತಲೆಗೆ ತಗಲಿದ ಬಂಡೆ ಯಾವುದು ಎಂದು ಅವನು ಯೋಚಿಸುತ್ತಿದ್ದನೋ ಏನೋ, ಸಂಜೆ ಮಾತ್ರ ಹುಬ್ಬು ಮೀಸೆಯ ಬಿಳಿ ಪುಡಿಯನ್ನೆಲ್ಲ ತೊಳೆದುಕೊಂಡೇ ಒಳಗೆ ಬರುತ್ತಿದ್ದ.

ಅವಳು ಮತ್ತೆ ಬಂಡೆ ಹತ್ತಲಿಲ್ಲ. ಹಿರಿಯರು ಬಂದು ಕರೆದರು, ಮನೆಯೊಳಗಿಂದಲೇ ತಲೆಯಾಡಿಸಿದಳು. ಕೊನೆಗೆ ಊರಿನವರೆಲ್ಲ ಕೂಡಿ ಬಂಡೆಯ ಮೇಲೆ ಕಂಬ ನೆಟ್ಟು ಸೈರನ್ ಕಟ್ಟಿದರು. ಗುಂಡಿ ಮಾತ್ರ ಹಾಗೇ ಇತ್ತು, ಅದಕ್ಕೆ ಹೆಣ್ಣಿನ ಕೂಗೂ ಒಂದೇ, ಸೈರನ್ನೂ ಒಂದೇ. ಗುಡ್ಡ ಮೊದಲಿನಂತೆಯೇ ಗುಂಡಿಯೊಳಗಿಂದ ಓಗೊಟ್ಟಿತು.

ಸೈರನ್ ಮೊದಲ ಸಲ ಊದಿದ ಸಂಜೆ ಕೂಗಮ್ಮ ಒಲೆಯ ಮುಂದಿನಿಂದ ಎದ್ದಳು. ಕಂದೀಲು ಹಿಡಿದು, ಒಂದು ಹರಿದ ಚಾಪೆ ಕಂಕುಳಲ್ಲಿಟ್ಟುಕೊಂಡು ಹೊರಟಳು. ಗಂಡ ಬಾಗಿಲಿನವರೆಗೆ ಬಂದು ನಿಂತ. ಗುಂಡಿಯ ಅಂಚಿನಲ್ಲಿ ಚಾಪೆ ಹಾಸಿ ಕೂತು, ಜೊಂಡು ಸರಪರ ಎಂದಾಗಲೆಲ್ಲ ಅವಳು ಹೇಳುತ್ತಿದ್ದಳು:

"ಈ ಕಡೆ ಬರಬೇಡಿ. ಎಡಕ್ಕೆ ಹೋಗಿ."

ಅಲ್ಲಿಂದ ಮುಂದೆ ಮಂಜಿನ ಸಂಜೆಗಳೆಲ್ಲ ಹಾಗೇ ಕಳೆದವು. ಬದುಕೆಲ್ಲ ಬನ್ನಿ ಬನ್ನಿ ಎಂದು ಕರೆದವಳು ಉಳಿದ ಕಾಲವೆಲ್ಲ ಬರಬೇಡಿ ಎಂದಳು. ಊರಿನ ಹಳಬರು ಪಾಪ ಎಂದರು, ಹೊಸಬರು ಹುಚ್ಚಿ ಎಂದರು. ಎಡಕ್ಕಂತೂ ಎಲ್ಲರೂ ಹೋದರು. ಆ ನೀರಿಗೆ ಮತ್ತೆ ಯಾರೂ ಬೀಳಲಿಲ್ಲ.

ಕೊನೆಯವನೂ ದಾಟಿ ಹೋದ ಮೇಲೆ ಅವಳು ಸ್ವಲ್ಪ ಹೊತ್ತು ಕೂತೇ ಇರುತ್ತಿದ್ದಳು. ಸತ್ತೋರೂ ಎದ್ದು ಬರ್ತಾರೆ ಅಂದಿದ್ದನಲ್ಲ ಮೈದುನ, ಅದು ನೆನಪಾಗುತ್ತಿತ್ತು. ಒಂದೇ ಒಂದು ಸಲ, ಅತ್ತೆ ಕಲಿಸಿದಂತೆ ಹೊಟ್ಟೆಯಿಂದ, ಅವನನ್ನು ಕರೆದುಬಿಟ್ಟಳು. ಗುಂಡಿ ಅವಳ ಕೂಗನ್ನು ಹಾಗೆಯೇ ಅವಳಿಗೆ ವಾಪಸ್ಸು ಕೊಟ್ಟಿತು. ಅವಳು ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತಿದ್ದು, ಚಾಪೆ ಸುತ್ತಿಕೊಂಡು ಎಡಗಡೆಯ ದಾರಿಯಲ್ಲಿ ಮನೆಗೆ ಹೋದಳು.