ಅಕ್ಕನನ್ನು ಬೆಟ್ಟ ಹತ್ತಿಸಿದ ಗೇರು

ಅಕ್ಕ ನನ್ನ ಮನೆಯಲ್ಲಿ ಸಾಯಲು ಒಪ್ಪಲಿಲ್ಲ. ಕೊಳ್ಳೇಗಾಲದ ನನ್ನ ಮನೆಯ ನಡುಮನೆಯಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ ಮಲಗಿಕೊಂಡು, ಆ ಮಾತನ್ನು ಹೇಳದೆ ಒಂದು ದಿನವೂ ಕಳೆಯುತ್ತಿರಲಿಲ್ಲ. ಹನೂರಿನಾಚೆ ಬೆಟ್ಟದ ಮೇಲಿರುವ ತನ್ನೂರಿನಲ್ಲಿ ಕೊಟ್ಟಿಗೆಯ ಹೊಸ್ತಿಲು ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಊರಿನವರು ಡೋಲಿ ಕಟ್ಟಿ ಹೊತ್ತು ಇಳಿಸಿದ್ದರು. ಆಪರೇಷನ್ನನ್ನು ಅವಳ ಹೃದಯ ತಡೆಯುವುದಿಲ್ಲ ಎಂದು ಆಸ್ಪತ್ರೆಯವರು ಕೈಬಿಟ್ಟರು. ಮೂಳೆ ಕೂಡಿದಷ್ಟು ಕೂಡಲಿ, ಕುಲುಕಾಟ ಮಾತ್ರ ಆಗಕೂಡದು ಎಂದರು.

ನಾನು ಸೇನೆಯ ವಾಹನ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಏಳುವುದು, ಉಣ್ಣುವುದು, ಮಲಗುವುದು ಎಲ್ಲಕ್ಕೂ ನನ್ನ ಮನೆಯಲ್ಲಿ ಹೊತ್ತು ಗೊತ್ತು. ಅಕ್ಕನ ಮದ್ದು, ಗಂಜಿ, ಮಗ್ಗುಲು ಬದಲಿಸುವುದು ಎಲ್ಲವನ್ನೂ ಅದೇ ಕ್ರಮಕ್ಕೆ ಹೊಂದಿಸಿದೆ. ಅವಳಿಗೆ ಅದು ಹಿಡಿಸಲಿಲ್ಲ.

"ಲೇ, ನೀನು ಗಡಿಯಾರಕ್ಕೆ ಉಣ್ಣಾಕಿಕ್ತಾ ಇದೀಯ ಕಣ್ಲಾ, ನಂಗಲ್ಲ," ಅನ್ನುತ್ತಿದ್ದಳು. "ನನ್ನ ಊರ್ಗೆ ಬುಟ್ಬುಡು. ಉಸ್ರು ಇರೋವಾಗ್ಲೇ ಬುಟ್ಬುಡು."

ಈ ಅವಸರಕ್ಕೆ ಕಾರಣವಿತ್ತು. ಅವಳ ಊರಿನ ಕಟ್ಟಳೆಯಲ್ಲಿ ಡೋಲಿಯಲ್ಲಿ ಕೆಳಗಿಳಿದ ರೋಗಿ ತನ್ನ ಕಾಲ ಮೇಲೆಯೇ ಬೆಟ್ಟ ಹತ್ತಬೇಕು. ಹೆಗಲ ಮೇಲೆ ಹತ್ತುವುದು ಹೆಣ ಮಾತ್ರ. ಜೀವ ಇರುವವರನ್ನು ಹೊತ್ತು ಹತ್ತಿಸಿದರೆ ಸಾವನ್ನು ಊರೊಳಕ್ಕೆ ಕರೆತಂದಂತೆ. ಹೊರುವುದಕ್ಕೆ ಯಾರೂ ಹೆಗಲು ಕೊಡುವುದಿಲ್ಲ; ಕೊಟ್ಟರೂ ಅಕ್ಕ ಒಪ್ಪುವವಳಲ್ಲ. ಅವಳ ಕಾಲು ಇನ್ನು ನೆಲಕ್ಕೆ ಊರುವಂತಿರಲಿಲ್ಲ. ಗಾಡಿಯಲ್ಲಿ ಹತ್ತಿದರೆ ಹೆಗಲೇರಿದಂತಲ್ಲ ಎಂಬುದು ಅವಳ ಲೆಕ್ಕ; ಉಳಿದದ್ದು ನನ್ನ ಗಾಡಿ ಒಂದೇ.

ಯಳಂದೂರಿನ ತೋಟಕ್ಕೆ ಗೊಬ್ಬರ ಸಾಗಿಸಲೆಂದು ಇಟ್ಟುಕೊಂಡಿದ್ದ ಹಳೆಯ ಪಿಕಪ್ ಅದು, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಫೋರ್ ವೀಲ್ ಡ್ರೈವ್. ಮೊದಲು ಖಾಲಿ ಗಾಡಿಯಲ್ಲೇ ದಾರಿ ನೋಡಿಬಂದೆ. ಡಾಂಬರು ಮುಗಿದ ಮೇಲೆ ಕಾಡಿನೊಳಗೆ ಬರೀ ಕಲ್ಲುದಾರಿ. ನಡುವೆ ಒಂದು ಕಡೆ ಮೆಟ್ಟಿಲಿನಂತೆ ಬಂಡೆಗಳು. ಕುಲುಕಾಟ ಅಳೆಯಲೆಂದು ಹಿಂದೆ ಹಾಸಿಗೆ ಹಾಸಿ, ಅಕ್ಕ ಮಲಗುವ ಜಾಗದಲ್ಲಿ ಅರ್ಧ ನೀರು ತುಂಬಿದ ಹಿತ್ತಾಳೆ ಚೊಂಬನ್ನು ಮೂರು ಕಲ್ಲುಗಳ ನಡುವೆ ಇರಿಸಿದ್ದೆ. ಕಡಿದಾದ ಏರಿಗೆಂದೇ ಬೇರೆಯಾಗಿ ಇರುವ ಲೋ ಗೇರು ಹಾಕಿ, ಮೊದಲ ಗೇರಿನಲ್ಲಿ ಹೋದರೂ ಗಾಡಿಯ ವೇಗ ಆ ಬಂಡೆಗಳಿಗೆ ಜೋರಾಯಿತು. ವೇಗ ತಗ್ಗಿಸಲು ಕ್ಲಚ್ಚನ್ನು ಅರ್ಧ ಒತ್ತಬೇಕಾಗುತ್ತಿತ್ತು. ಬಿಟ್ಟಾಗಲೆಲ್ಲ ಗಾಡಿ ಕಪ್ಪೆಯಂತೆ ನೆಗೆಯುತ್ತಿತ್ತು. ಬಂಡೆ ಮುಗಿಯುವಷ್ಟರಲ್ಲಿ ಚೊಂಬು ಖಾಲಿ, ಹಾಸಿಗೆ ಒದ್ದೆ.

ಕ್ಲಚ್ ಮುಟ್ಟದೆ, ಆಕ್ಸಿಲರೇಟರ್ ಒತ್ತದೆ, ಗಾಡಿ ತನ್ನಷ್ಟಕ್ಕೆ ತೆವಳಬೇಕು. ಎಂಜಿನ್ ಎಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ ಎಂಬುದೇ ಇದರ ಲೆಕ್ಕ. ಗೇರ್ ಬಾಕ್ಸಿನ ಮೊದಲ ಗೇರು, ಲೋ ಗೇರು, ಚಕ್ರಗಳ ನಡುವಿನ ಹಲ್ಲುಜೋಡಿಯಾದ ಕ್ರೌನ್ ಪಿನಿಯನ್ – ಈ ಮೂರರ ಹಲ್ಲಿನ ಲೆಕ್ಕ ಗುಣಿಸಿದರೆ ನನ್ನ ಗಾಡಿಯಲ್ಲಿ ಮೂವತ್ತೇಳರ ಹತ್ತಿರ ಬರುತ್ತಿತ್ತು. ಕ್ರೌನ್ ಪಿನಿಯನ್ ಬದಲಿಸಿದರೆ ಐವತ್ತಮೂರಾಗುತ್ತದೆ. ಗಾಡಿ ಸಿಪಾಯಿಗಳ ನಡಿಗೆಯಿಂದ ಮುದುಕರ ನಡಿಗೆಗೆ ಇಳಿಯುತ್ತದೆ.

ಲೋ ಗೇರನ್ನೇ ಬದಲಿಸಿದ್ದರೆ ಡಾಂಬರಿನ ಮೇಲಿನ ಓಟಕ್ಕೆ ಧಕ್ಕೆ ಇರಲಿಲ್ಲ. ಆದರೆ ನನ್ನ ಹಳೆಯ ಗೇರ್ ಪೆಟ್ಟಿಗೆಗೆ ಹೊಂದುವ ಹಲ್ಲು ಎಲ್ಲಿಯೂ ಸಿಗಲಿಲ್ಲ. ಪಾಲಾರ್ ದಾಟಿ ತಮಿಳುನಾಡಿನ ಗುಜರಿ ಅಂಗಡಿಗಳನ್ನು ಸುತ್ತಿ, ಎರಡು ಕ್ರೌನ್ ಪಿನಿಯನ್ ಹುಡುಕಿ ತಂದೆ.

ಕೊಳ್ಳೇಗಾಲದ ನನ್ನ ಮೆಕ್ಯಾನಿಕ್‌ಗೆ ಇದು ಒಂದಿಷ್ಟೂ ಸರಿಕಾಣಲಿಲ್ಲ.

"ಇದಾಕುದ್ರೆ ಡಾಂಬರ್ ಮ್ಯಾಲೆ ಎತ್ತಿನ್ ಗಾಡಿನೂ ನಿಮ್ಗೆ ಆರನ್ ಒಡೀತದೆ ಸಾ," ಅಂದ.

"ಹೊಡೀಲಿ ಬಿಡು."

"ಇಂದ್ಗಡೆ ಒಂದ್ಕೇ ಆಕ್ಬುಡಾನಾ? ಕೆಲ್ಸ ಬೇಗ ಮುಗೀತದೆ."

"ಹಿಂದಿನ ಚಕ್ರ ಒಂದು ಲೆಕ್ಕ, ಮುಂದಿನದು ಇನ್ನೊಂದು ಲೆಕ್ಕ ತಿರುಗಿದರೆ ಗಾಡಿ ತನ್ನ ಹಲ್ಲು ತಾನೇ ಮುರ್ಕೊಳ್ಳುತ್ತೆ. ಎರಡೂ ಹಾಕು."

"ಆಗ್ಲಿ. ಟೈರಾದ್ರೂ ದೊಡ್ದು ಆಕ್ಸಿ ಸಾ, ನೋಡಾಕೆ ಚಂದಾಗಿರ್ತದೆ."

"ಟೈರು ದೊಡ್ಡದಾದರೆ ಈಗ ಕಳೆದ ವೇಗ ಮತ್ತೆ ಬರುತ್ತೆ. ಹಲ್ಲು ಬದಲಿಸಿದ್ದು ಯಾಕೆ ಮತ್ತೆ?"

ಅವನು ನಕ್ಕು ಜಾಕ್ ಎತ್ತಿದ. ಕೆಲಸ ಅಚ್ಚುಕಟ್ಟಾಗಿಯೇ ಮಾಡಿದ.

ಎರಡನೆಯ ಸಲ ಚೊಂಬಿಟ್ಟುಕೊಂಡು ಹೋದೆ. ಟೈರಿನ ಗಾಳಿ ಇಳಿಸಿ, ಬಂಡೆಯ ಬುಡದಲ್ಲಿ ಎರಡೂ ಕಾಲನ್ನು ಪೆಡಲಿನಿಂದ ತೆಗೆದೆ. ಗಾಡಿ ಗೊಣಗುತ್ತ, ಒಂದೊಂದೇ ಚಕ್ರವನ್ನು ಕಲ್ಲಿನ ಮೇಲೆ ಇಟ್ಟು ಹತ್ತಿತು. ಹಾಸಿಗೆ ಒಣಗಿಯೇ ಇತ್ತು. ಬಹಳ ದಿನಗಳ ಮೇಲೆ ನನಗೆ ಸಮಾಧಾನವಾಯಿತು.

ಅಕ್ಕನನ್ನು ಕರೆದೊಯ್ದ ದಿನ ಮೋಡ ಮುಚ್ಚಿತ್ತು. ಅವಳ ಸೊಸೆ ಹಿಂದೆ ಕೂತು ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಹನೂರು ದಾಟುವವರೆಗೆ ಬಸ್ಸು, ಲಾರಿ, ಆಟೋ ಎಲ್ಲವೂ ಹಾರನ್ ಹೊಡೆದು ಮುಂದೆ ಹೋದವು. ಎಂಜಿನ್ ಒಂದೇ ಸಮನೆ ಕಿರುಚುತ್ತಿತ್ತು. ಕಲ್ಲುದಾರಿ ಬಂದಾಗ ಅದು ತಣ್ಣಗಾಯಿತು. ಬಂಡೆಯ ಮೆಟ್ಟಿಲಿನ ಮೇಲೆ ಹಿಂದಿನಿಂದ ಅಕ್ಕನ ದನಿ ಕೇಳಿಸಿತು.

"ಯಾಕ್ಲಾ, ನಿಂತೋಯ್ತಾ ಗಾಡಿ?"

"ಇಲ್ಲಕ್ಕ, ಹತ್ತುತಾ ಇದೆ."

"ನೋವೇ ಗೊತ್ತಾಯ್ತಿಲ್ಲ ಕಣ್ಲಾ."

ಆ ಮಾತಿಗಾಗಿಯೇ ನಾನು ಅಷ್ಟೆಲ್ಲ ಅಲೆದಿದ್ದೆ. ಆದರೆ ಹಿಗ್ಗು ಹೆಚ್ಚು ದೂರ ಬರಲಿಲ್ಲ. ರೇಷನ್ ತೆಗೆದುಕೊಂಡು ಅಕ್ಕನ ಊರಿಗೆ ವಾಪಸಾಗುತ್ತಿದ್ದ ಹತ್ತಾರು ಜನ ದಾರಿಯಲ್ಲಿ ನಮ್ಮನ್ನು ಕೂಡಿಕೊಂಡರು. ಗಾಡಿ ನಡೆಯುವವರಷ್ಟೇ ವೇಗದಲ್ಲಿತ್ತು. ದಾರಿ ಇಕ್ಕಟ್ಟು, ಪಕ್ಕಕ್ಕೆ ಬರಲಾಗದೆ ಅವರು ಹಿಂದೆ ಸಾಲು ಹಿಡಿದರು. ಮಲಗಿದ್ದ ಅಕ್ಕನಿಗೆ ಎದುರಿಗೆ ಕಾಣುತ್ತಿದ್ದದ್ದು ಅದೇ: ಬೆನ್ನ ಮೇಲೆ ಮೂಟೆ ಹೊತ್ತು, ತಲೆ ತಗ್ಗಿಸಿಕೊಂಡು, ತನ್ನ ಹಿಂದೆ ಮೆಲ್ಲಗೆ ನಡೆದು ಬರುತ್ತಿರುವ ಊರವರು.

"ನಿಲ್ಸು," ಅಂದಳು. ನಿಲ್ಲಿಸಿ ಇಳಿದು ಹೋದೆ. ಅವಳ ಮುಖ ಬಿಳಿಚಿಕೊಂಡಿತ್ತು.

"ಎಣದ್ ಇಂದೆ ಬಂದಂಗೆ ಬತ್ತಾವ್ರಲ್ಲೋ."

ಅವರಿಗೂ ಆಗ ಹೊಳೆಯಿತೇನೋ, ಎಲ್ಲರೂ ನಿಂತುಬಿಟ್ಟರು. ಒಬ್ಬ ಮುದುಕ ಮೂಟೆ ಇಳಿಸಿ, "ತಪ್ಪಾಯ್ತು ಕಣವ್ವ, ನಿಂಗೆ ನೂರಾಗ್ಲಿ," ಅಂದ. ಅಕ್ಕ ಕಣ್ಣು ಮುಚ್ಚಿಕೊಂಡಳು. ನಾನು ಗಾಡಿಯನ್ನು ಪೊದೆಗೆ ಒತ್ತರಿಸಿ ಜಾಗ ಬಿಟ್ಟೆ. ಒಬ್ಬೊಬ್ಬರಾಗಿ ಹಾಸಿಗೆಯ ಪಕ್ಕದಲ್ಲೇ ಹಾದು ಮುಂದೆ ಹೋದರು. ಉಳಿದ ದಾರಿಯುದ್ದಕ್ಕೂ ಅವರು ಮುಂದೆ, ನಾವು ಹಿಂದೆ. ಅಕ್ಕ ಕಣ್ಣು ತೆರೆಯಲಿಲ್ಲ.

ಮನೆಯಲ್ಲಿ ಮಲಗಿಸಿದ ಮೇಲೆ ಸೂರನ್ನು ಬಹಳ ಹೊತ್ತು ನೋಡುತ್ತಿದ್ದಳು. ಮತ್ತೆ ಆಸ್ಪತ್ರೆಗೆ ಕರೆದೊಯ್ಯಲು ಯಾವಾಗ ಬರಲಿ ಎಂದು ಕೇಳಿದೆ.

"ಅತ್ಸೋಕೆ ಅಂತ ಗೇರ್ ಮಾಡ್ಸುದ್ಯಲ್ಲ, ಅಷ್ಟೇ ಸಾಕು. ಇಳ್ಸೋಕೆ ಬರ್ಬ್ಯಾಡ," ಅಂದಳು.

ನಾನು ಬರುತ್ತೇನೆಂದು ವಾದಿಸಿದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

ಆಮೇಲೆ ಪ್ರತಿ ಭಾನುವಾರ ಅಕ್ಕನ ಮದ್ದನ್ನು ಗಾಡಿಯಲ್ಲಿ ಹಾಕಿಕೊಂಡು ಹತ್ತುತ್ತಿದ್ದೆ. ದಾರಿಯ ಜನ ನನ್ನ ಗಾಡಿಯ ಸದ್ದು ಕೇಳಿದರೆ ಸಾಕು, ಹಿಂದೆ ಬೀಳದೆ ಬಿರಬಿರನೆ ಮುಂದೆ ನಡೆಯುತ್ತಿದ್ದರು. ಹೇಳಬೇಕಾಗಿರಲಿಲ್ಲ.

ರಾಗಿ ಕೊಯ್ಲಿನ ಹೊತ್ತಿಗೆ, ಬೆಳಗಿನ ಬಿಸಿಲೇರುವಾಗ, ಸೊಸೆ ತಂದ ಕಾಫಿ ಕುಡಿಯದೆಯೇ ಅಕ್ಕ ಹೋದಳು. ತನ್ನ ಮನೆಯಲ್ಲಿ, ಯಾರ ಹೆಗಲನ್ನೂ ಏರದೆ. ಸುದ್ದಿ ಬಂದಾಗ ನಾನು ಗೊತ್ತಿನ ಹೊತ್ತಿನ ಊಟ ಬಿಟ್ಟು ಹೊರಟೆ. ಅವತ್ತು ಡಾಂಬರಿನ ಮೇಲೆ ಆ ಗೇರನ್ನು ಮೊದಲ ಸಲ ಶಪಿಸಿದೆ. ಹನೂರು ಮುಗಿಯುವುದೇ ಇಲ್ಲವೆನಿಸಿತು.

ಕಲ್ಲುದಾರಿಯಲ್ಲಿ ಸಾವಿಗೆ ಹೊರಟವರು ಸಿಕ್ಕಿದರು. ಗಾಡಿ ನೋಡಿ ಪಕ್ಕಕ್ಕೆ ಸರಿದು ನಿಂತರು. ಮುಂದೆ ಹೋಗಲಿ ಎಂದು ನಾನೂ ಕಾದೆ. ಯಾರೂ ಕದಲಲಿಲ್ಲ. ಗಾಡಿ ಹೊರಡಿಸಿದಾಗ ಅದರ ಹಿಂದೆ ಸಾಲು ಹಿಡಿದರು. ಹಿಂದೆ ಹಾಸಿಗೆ ಇರಲಿಲ್ಲ, ಬರೀ ತಗಡು. ಬಂಡೆಯ ಬುಡದಲ್ಲಿ ಪೆಡಲಿನಿಂದ ಎರಡೂ ಕಾಲು ತೆಗೆದು ಕೂತೆ. ಗಾಡಿ ತನ್ನ ಪಾಡಿಗೆ ಹತ್ತಿತು.